ಒಂದು ಕೊಳ, ಎರಡು ಗೂಟ

ಮಾಕ್ ಗಾಮ್‌ಸಿಂಗ್‌ನ ಮನೆ ಕಾಲುವೆಯ ಈ ದಡದಲ್ಲಿ, ಅಂದರೆ ಫೋಶಾನ್ ನಗರದಲ್ಲಿ. ಅವನ ಹೆಂಡತಿ ಯಿನ್‌ಫಾಳ ತವರು ಆ ದಡದಲ್ಲಿ, ಅಂದರೆ ಗುವಾಂಗ್‌ಝೌ ನಗರದಲ್ಲಿ. ನಡುವೆ ಬಾತುಕೋಳಿ ಈಜಿ ದಾಟುವಷ್ಟು ನೀರು. ಆದರೂ ಒಂದು ಕಾಲದಲ್ಲಿ ಅವಳು ಅಣ್ಣನಿಗೆ ಫೋನ್ ಮಾಡಿದರೆ ಪರ ಊರಿನ ದರ ಬೀಳುತ್ತಿತ್ತು. ಹಾಗಾಗಿ ಅಂಗಳದಲ್ಲಿ ನಿಂತು ಕೂಗುತ್ತಿದ್ದಳು. ಆ ಗಂಟಲು ಇವತ್ತಿಗೂ ಹಾಗೇ ಇದೆ, ಗಂಡನ ಹಣೆಬರಹ.

ಸಿಂಗ್ ಟೈಲ್ಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಕೆಲಸವೇನೆಂದು ಕೇಳಿದರೆ ಮಾತ್ರ "ನಾನು ಡೋಲಿನವನು" ಎನ್ನುತ್ತಿದ್ದ. ಐದನೇ ತಿಂಗಳ ಹಬ್ಬದಲ್ಲಿ ಎರಡೂ ದಡದವರು ಡ್ರ್ಯಾಗನ್ ದೋಣಿಗಳ ಪಂದ್ಯ ಕಟ್ಟುತ್ತಾರೆ; ದೋಣಿಯ ನಡುವೆ ಕೂತವನ ಡೋಲಿನ ತಾಳಕ್ಕೆ ಹುಟ್ಟುಗಳು ಬೀಳಬೇಕು. ಈ ದಡದ ಡೋಲು ಸಿಂಗ್‌ನದು, ಆ ದಡದ್ದು ಯಿನ್‌ಫಾಳ ಅಣ್ಣ ಲೋ ಬಿಂಗ್‌ನದು. ಡೋಲು ಹಿಡಿದಾಗಿನಿಂದ ಸಿಂಗ್ ಒಮ್ಮೆಯೂ ಭಾವನನ್ನು ಗೆದ್ದವನಲ್ಲ.

"ನಮ್ಮದು ದೋಣಿ ಅಲ್ಲ ಕಣೇ, ಹಂದಿಗೂಡಿನ ಬಾಗಿಲು. ತಿರುವಲ್ಲಿ ಜೋರು ಮಾಡಿದ್ರೆ ಎರಡು ಹೋಳಾಗತ್ತೆ," ಎಂದು ಪ್ರತಿ ವರ್ಷ ಮನೆಗೆ ಬಂದು ಗೊಣಗುತ್ತಿದ್ದ.

"ಎರಡನ್ನೂ ಒಂದೇ ಥರ ಮಾಡಿದ್ದು ಒಬ್ಬನೇ ಬಡಗಿ. ಕುಣಿಯೋಕೆ ಬಾರದವಳಿಗೆ ನೆಲ ಡೊಂಕಂತೆ," ಎಂದು ಯಿನ್‌ಫಾ ಅನ್ನ ಬಡಿಸುತ್ತಿದ್ದಳು.

ಹೀಗಿರುವಾಗ ಎರಡು ನಗರಗಳನ್ನೂ ಹೊಲಿದು ಒಂದೇ ಮಹಾನಗರ ಮಾಡುವ ಹುರುಪು ಕಾಲುವೆಗೂ ಬಂತು. ಮೆಟ್ರೋ ಬಂತು, ಅಗಲವಾದ ಸೇತುವೆ ಬಂತು. ಎರಡೂ ದಡದ ಹಿರಿಯರು ಕೂತು ಚಹಾ ಕುಡಿದು, ಮುಂದಿನ ವರ್ಷದಿಂದ ಒಂದೇ ತಂಡ, ಒಂದೇ ಹೊಸ ದೋಣಿ, ಡೋಲಿಗೊಬ್ಬ ಹೊಸ ಹುಡುಗ ಎಂದು ತೀರ್ಮಾನಿಸಿದರು. ಭಾವನನ್ನು ಸೋಲಿಸಲು ಸಿಂಗ್‌ಗೆ ಉಳಿದದ್ದು ಈ ಒಂದೇ ಹಬ್ಬ.

ಹೆದರಿದವನು ಜಂಬ ಕೊಚ್ಚುವುದು ಹೆಚ್ಚು. ಚಹಾದಂಗಡಿಯಲ್ಲಿ ಸಿಂಗ್ ಕಂಡಕಂಡವರಿಗೆ, "ಹೋದ ಸಲ ಹೂಳೋ ಮುಂಚೆ ನಮ್ಮ ದೋಣಿ ತಳಕ್ಕೆ ಹೊಸ ಹಲಗೆ ಹಾಕ್ಸಿದೀನಿ, ಈ ವರ್ಷ ಹಾವಿನ ಥರ ಹೋಗತ್ತೆ," ಎಂದು ಹೇಳಿಕೊಂಡು ಬಂದ. ಹಲಗೆಯಿರಲಿ, ಒಂದು ಮೊಳೆಯನ್ನೂ ಹೊಡೆಸಿರಲಿಲ್ಲ.

ದೋಣಿಗಳನ್ನು ವರ್ಷವಿಡೀ ಕೆಸರಿನಲ್ಲಿ ಹೂತಿಡುವುದು ಇಲ್ಲಿಯ ವಾಡಿಕೆ. ಗಾಳಿಗಿಟ್ಟರೆ ಮರ ಸೀಳುತ್ತದೆ. ಡ್ರ್ಯಾಗನ್ನಿನ ತಲೆಯನ್ನು ಮಾತ್ರ ಗುಡಿಯಲ್ಲಿಟ್ಟು, ಪಂದ್ಯದ ಮುಂಚೆ ಜೋಡಿಸುತ್ತಾರೆ. ಸೇತುವೆಯ ಕೆಲಸಕ್ಕೆ ಆ ದಡದ ಕೊಳ ಮುಚ್ಚಿಹೋಗಿದ್ದರಿಂದ ಹಿಂದಿನ ವರ್ಷ ಎರಡೂ ದೋಣಿಗಳನ್ನು ಈ ದಡದ ಕೊಳದಲ್ಲೇ ಹೂತಿದ್ದರು. ಸಿಂಗ್‌ನ ದೋಣಿಯ ಮೇಲೆ ಕೆಂಪು ಬಟ್ಟೆಯ ಗೂಟ, ಬಿಂಗ್‌ನದರ ಮೇಲೆ ಹಳದಿ. ಆಮೇಲೆ ಕೆಲಸದವರು ಸುತ್ತಲೂ ಮಣ್ಣು ಸುರಿದು ಕೊಳದ ಆಕಾರವನ್ನೇ ಕೆಡಿಸಿದ್ದರು. ನಂಬುವುದಿದ್ದರೆ ಗೂಟವನ್ನೇ ನಂಬಬೇಕು.

ಅಗೆಯುವ ಹಿಂದಿನ ದಿನ, ಊರೆಲ್ಲ ಉಂಡು ಮಲಗಿದ ಮಧ್ಯಾಹ್ನ, ಸಿಂಗ್ ಕೊಳಕ್ಕಿಳಿದು ಎರಡೂ ಗೂಟಗಳನ್ನು ಅದಲುಬದಲು ಮಾಡಿ ಬಂದ. ಸೊಂಟದವರೆಗೆ ಕೆಸರು.

"ಏನ್ರೀ ಇದು ಅವತಾರ?"

"ಬಾತುಕೋಳಿ ಸಿಕ್ಕಿಹಾಕ್ಕೊಂಡಿತ್ತು."

ಯಿನ್‌ಫಾ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಪ್ಯಾಂಟು ಒಗೆಯಲು ಹೋದಳು.

ಹಬ್ಬದ ದಿನ ಸಿಂಗ್ ಡೋಲು ಬಡಿದ ರೀತಿಗೆ ದಡದ ಮುದುಕಿಯರೂ ಎದ್ದು ನಿಂತರು. ಭಾವನ ದೋಣಿ ಸೀಳುವುದಿಲ್ಲ ಎಂಬ ಧೈರ್ಯ ಅವನದು. ಯಾವಾಗಲೂ ತಾಳ ತಗ್ಗಿಸುತ್ತಿದ್ದ ತಿರುವಿನಲ್ಲಿ ಎರಡರಷ್ಟು ಜೋರಾಗಿ ಬಾರಿಸಿದ. ಗೆದ್ದೇಬಿಟ್ಟ.

ಊಟಕ್ಕೆ ಕೂತಾಗ ಗೆದ್ದವರ ಪಾಲಿನ ಹುರಿದ ಹಂದಿಯನ್ನು ಅವನು ಮುಟ್ಟಲಿಲ್ಲ. ಎದುರಿಗೆ ಕೂತ ಭಾವನ ಮುಖ ಬಾಡಿತ್ತು. ಪಾಪ ಅನ್ನಿಸಿತು, ತನ್ನ ಮೇಲೆ ಅಸಹ್ಯವೂ ಆಯಿತು.

"ಭಾವ, ಗೆದ್ದಿದ್ದು ನಾನಲ್ಲ. ನಿನ್ನ ದೋಣಿ. ಗೂಟ ನಾನೇ ಬದಲಾಯಿಸ್ದೆ."

ಬಿಂಗ್‌ನ ಕೈಯಲ್ಲಿದ್ದ ಮಾಂಸದ ತುಂಡು ಸಾರಿಗೆ ಬಿತ್ತು. "ಯಾವಾಗ?"

"ಅಗೆಯೋ ಹಿಂದಿನ ದಿನ ಮಧ್ಯಾಹ್ನ."

"ನಾನು ಅವತ್ತು ಬೆಳಗ್ಗೇನೇ ಬದಲಾಯಿಸಿದ್ದೆನಲ್ಲೋ. ಹೊಸ ಹಲಗೆ ಹಾಕ್ಸಿದೀನಿ ಅಂತ ಊರೆಲ್ಲ ಸಾರಿದ್ಯಲ್ಲ. ಕೊನೇ ವರ್ಷ ಸೋಲೋಕೆ ಮನಸ್ಸಾಗಲಿಲ್ಲ."

ಸಿಂಗ್ ಎರಡು ಚಹಾ ಬಟ್ಟಲು ಮುಂದಿಟ್ಟುಕೊಂಡು ಒಮ್ಮೆ ಅದಲುಬದಲು ಮಾಡಿದ, ಇನ್ನೊಮ್ಮೆ ಮಾಡಿದ, ನಂಬದೆ ಮತ್ತೆ ಮೊದಲಿನಿಂದ ಮಾಡಿದ.

"ಬಟ್ಟಲು ಸವೆಸಬೇಡಿ," ಎಂದಳು ಯಿನ್‌ಫಾ, ಆ ದಡಕ್ಕೂ ಕೇಳುವ ದನಿಯಲ್ಲಿ. "ಬೆಳಗ್ಗೆ ಏಡಿ ಹಿಡಿಯೋಕೆ ಹೋಗಿದ್ದೆ ಅಂತ ಬಂದು ಅಣ್ಣ ನಮ್ಮನೇಲಿ ಗಂಜಿ ಕುಡಿದ. ಮಧ್ಯಾಹ್ನ ನೀವು ಬಾತುಕೋಳಿ ಕಥೆ ತಂದ್ರಿ. ಏಡೀನೂ ಇಲ್ಲ, ಬಾತುಕೋಳೀನೂ ಇಲ್ಲ. ಎರಡು ಕೆಸರು ಪ್ಯಾಂಟು ಒಗೆದವಳು ನಾನು."

"ಹಾಗಾದ್ರೆ ಗೆದ್ದಿದ್ದು ಆ ಹಂದಿಗೂಡಿನ ಬಾಗಿಲೇನಾ?"

"ಅದೇ."

ಸಿಂಗ್‌ಗೆ ನಗು ಬರಬೇಕಿತ್ತು, ಅಳು ಬಂತು. ಒಂದು ಜನ್ಮವಿಡೀ ಬೈದ ದೋಣಿ ಅದು. ಎದ್ದು ನೀರಿಗಿಳಿದು, ಅದರ ಪಕ್ಕೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ.

ಹಬ್ಬ ಮುಗಿದು ದೋಣಿಗಳನ್ನು ಮತ್ತೆ ಹೂತರು. ಈಗ ಊರೇ ಒಂದು, ಎರಡಕ್ಕೂ ಸೇರಿ ಒಂದು ಗೂಟ ಸಾಕು ಎಂದರು ಹಿರಿಯರು.

"ಊರು ಬೇಕಾದ್ರೆ ಒಂದು ಮಾಡ್ಕೊಳ್ಳಿ. ನನ್ನ ದೋಣಿಗೆ ನನ್ನ ಗೂಟ ಇರ್ಲಿ," ಎಂದ ಸಿಂಗ್.

ಮರುದಿನ ಮಧ್ಯಾಹ್ನ, ಊರು ಮಲಗಿದ ಹೊತ್ತಿಗೆ, ಅವನು ಮೋಟು ಸ್ಟೂಲು ಹಿಡಿದು ಕೆಂಪು ಗೂಟ ಕಾಯಲು ಹೋದ. ಹಳದಿ ಗೂಟದ ಪಕ್ಕದಲ್ಲಿ ಬಿಂಗ್ ಆಗಲೇ ಸ್ಟೂಲು ಹಾಕಿಕೊಂಡು ಕೂತಿದ್ದ. ಸ್ವಲ್ಪ ಹೊತ್ತಿಗೆ ಯಿನ್‌ಫಾ ಎರಡು ಬಟ್ಟಲು ಗಂಜಿ ತಂದು ಕೊಟ್ಟಳು. ಇಬ್ಬರೂ ತಮ್ಮ ಬಟ್ಟಲನ್ನು ನೋಡಿ, ಇನ್ನೊಬ್ಬನ ಬಟ್ಟಲು ನೋಡಿ, ಅದಲುಬದಲು ಮಾಡದೆ ಕುಡಿದರು.