ಆಚೆ ದಡದ ಕೂಗು

ಇದನ್ನು ಬರೆಯಲು ವರ್ಷಗಟ್ಟಲೆ ಹಿಂದೆಮುಂದೆ ನೋಡಿದೆ. ಕಳೆದ ವಾರ ಮೊಮ್ಮಗಳು ಕುಮಟಾ ಕಡೆಯ ಹೊಳೆ ದಾಟಿಸುವ ನಮ್ಮ ಹಳೆಯ ತಾರಿದೋಣಿಯ ಬಗ್ಗೆ ವಿಡಿಯೋ ಮಾಡುತ್ತಿದ್ದಳು. ಹೆಂಗಸೊಬ್ಬಳು ಆಚೆ ದಡದಿಂದ ದೋಣಿ ಕರೆಯುವ ಸದ್ದು ಬೇಕಿತ್ತು. ಎಂಥ ಸದ್ದೆಂದು ಫೋನಿನಲ್ಲಿ ಬರೆದರೆ ಎಐ ಅದನ್ನು ಮಾಡಿಕೊಡುತ್ತದಂತೆ.

ಮೊದಲು ಹಾಡುಗಾರ್ತಿಯ ಆಲಾಪ ಬಂತು, ಆಮೇಲೆ ಹಡಗಿನ ಹಾರ್ನ್. ಹತ್ತನೇ ಸಲಕ್ಕೆ ನನ್ನ ತಾಳ್ಮೆ ಕೆಟ್ಟಿತು.

"ಎಂತ ಕರ್ಮ ಇದು! ಗಾಳಿಗೆ ಅರ್ಧ ದನಿ ಹಾರಿ ಹೋಗ್ಬೇಕು. ಕೂಗಿ ಕೂಗಿ ಗಂಟ್ಲು ಒಡ್ದಿರ್ಬೇಕು. ಕಡೀಗೆ ಅಳು ಬರ್ಬೇಕು ಅಂತ ಬರಿ."

"ದೋಣಿ ಕರೂಕೆ ಅಳೂದು ಎಂತಕೆ ಅಜ್ಜಾ?" ಎಂದಳು.

ಆ ಕಾಲದಲ್ಲಿ ಆ ದೋಣಿ ನಡೆಸುತ್ತಿದ್ದವನು ನಾನೇ. ಒಂದು ಮಧ್ಯಾಹ್ನ ಉಂಡು ಮಲಗಿದ್ದೆ. ಆಚೆ ದಡಕ್ಕೆ ಮದುವೆಯಾಗಿ ಹೋಗಿದ್ದ ನಮ್ಮೂರ ಹೆಣ್ಣೊಬ್ಬಳು ದೋಣಿಗಾಗಿ ಕೂಗುವುದು ಕೇಳಿಯೂ ಬಿಸಿಲಿಗೆ ಬೇಸತ್ತು ಮಗ್ಗುಲು ಬದಲಿಸಿದೆ. ಆಕೆ ದೂರದ ಸೇತುವೆ ಸುತ್ತಿ ನಡೆದು ತವರು ತಲುಪುವಷ್ಟರಲ್ಲಿ ತಾಯಿಯ ಉಸಿರು ನಿಂತಿತ್ತು. ಮರುದಿನ ಕೇಳಿದಳು, "ನಾ ಕೂಗಿದ್ದು ಕೇಳ್ಲಿಲ್ವಾ ಅಣ್ಣಾ?" ಇಲ್ಲ ಎಂದುಬಿಟ್ಟೆ.

ಮೊಮ್ಮಗಳು ಕಡೆಗೆ ಯಾವುದೋ ಕೊಳಲಿನ ಸಂಗೀತ ಹಾಕಿ ವಿಡಿಯೋ ಮುಗಿಸಿದಳು. ಅಂದಿನ ಕೂಗು ನನಗೆ ಕೇಳಿಸಿತ್ತೆಂದು ಇಂದಿಗೂ ಆ ಹೆಂಗಸಿಗೆ ಹೇಳಿಲ್ಲ, ಕ್ಷಮೆಯನ್ನೂ ಬೇಡಿಲ್ಲ. ಆಕೆಯ ಹೆಸರು ಮಾದೇವಿ.