ಒಂದು ಫ್ರೀ, ಒಂದು ಟಿಕೆಟ್

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಅರಸೀಕೆರೆಯಲ್ಲಿ ಮೈಸೂರಿನ ರೈಲು ಹತ್ತಿದೆ. ಕೈಯಲ್ಲಿ ಒಂದು ಬಟ್ಟೆ ಚೀಲ. ಅದರೊಳಗೆ ಟವೆಲ್ಲು, ನೀರಿನ ಬಾಟಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ರವಿಕೆ. ರವಿಕೆ ಮೈಸೂರಿನ ವಿದ್ಯಾರಣ್ಯಪುರಂನಲ್ಲಿರುವ ನನ್ನ ನಾದಿನಿ ಸುಶೀಲಳದು. ಬಟ್ಟೆ ಆರಿಸಿದವಳು ನನ್ನ ಹೆಂಡತಿ ಜಯ. ಕತ್ತರಿಸಿ ಹೊಲಿದವನು ನಾನು. ಅರಸೀಕೆರೆಯಲ್ಲಿ ನನ್ನದೊಂದು ಚಿಕ್ಕ ಹೊಲಿಗೆ ಅಂಗಡಿಯಿದೆ. ಅಂಚು ಮಡಿಸಿ, ಹುಕ್ಕು ಹಾಕಿದವಳು ಮತ್ತೆ ಜಯ. ಅಂಗಡಿಗೆ ಬರುವ ಎಲ್ಲ ರವಿಕೆಗಳ ಹುಕ್ಕೂ ಅವಳದೇ ಕೆಲಸವಾಗಿತ್ತು. ಈ ರವಿಕೆ ಮುಗಿದ ಸ್ವಲ್ಪ ದಿನಕ್ಕೇ, ಆಷಾಢದಲ್ಲಿ, ಅವಳು ತೀರಿಕೊಂಡಳು.

ತಿಥಿಗೆ ಸುಶೀಲ ಬಂದಾಗ ಕೊಡಬೇಕೆಂದು ಎತ್ತಿಟ್ಟಿದ್ದೆ. ಬಂದ ಜನರ ನಡುವೆ ಮರೆತುಹೋಯಿತು. ಆಮೇಲೆ ಕಪಾಟು ತೆಗೆದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ನಮಗೆ ಮಕ್ಕಳಿಲ್ಲ. ಮೈಸೂರಿನ ಆ ಮನೆಗೂ ನನಗೂ ನಡುವೆ ಇದ್ದ ದಾರವೆಂದರೆ ಜಯ ಒಬ್ಬಳೇ. ಅಕ್ಕ ಇದ್ದರೆ ತಾನೇ ಭಾವ? ರವಿಕೆ ತಲುಪಿಸಿ ಸಂಜೆಯ ರೈಲಿಗೆ ವಾಪಸು ಬಂದುಬಿಡುವುದು, ಇನ್ನು ಮುಂದೆ ಅವರಾಗಿ ಮದುವೆಗೋ ನಾಮಕರಣಕ್ಕೋ ಕರೆದರೆ ಮಾತ್ರ ಹೋಗುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದೆ.

ಹಾಸನ ದಾಟುವ ಹೊತ್ತಿಗೆ ಚಳಿ ಬಿಟ್ಟಿತು. ಹೊಳೆನರಸೀಪುರದಲ್ಲಿ ಇಡ್ಲಿ ಮಾರುವವನು ಹತ್ತಿದ. ಚಟ್ನಿ ಖಾರವಾಗಿತ್ತು, ಇಡ್ಲಿ ಬಿಸಿಯಾಗಿತ್ತು. ಕೃಷ್ಣರಾಜನಗರದ ಸುತ್ತ ಭತ್ತ ಹಳದಿಗೆ ತಿರುಗುತ್ತಿತ್ತು. ಈ ದಾರಿಯಲ್ಲಿ ಜಯ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು. "ಯಾವಾಗ್ಲೂ ಸ್ಟೇಷನ್ನಿಂದ ಸೀದಾ ಸುಶೀಲನ ಮನೆ, ಅಲ್ಲಿಂದ ಸೀದಾ ಸ್ಟೇಷನ್ನು. ಒಂದಿನ ಸುಮ್ನೆ ಸಿಟಿ ಬಸ್ಸಲ್ಲಿ ಊರೆಲ್ಲ ಸುತ್ತಬೇಕು ಕಣ್ರೀ. ನಂಗೆ ಹೆಂಗೂ ಫ್ರೀ. ನಿಮಗೊಂದು ಪಾಸು ತಗೊಂಡ್ರೆ ಆಯ್ತು." ನಾನು ಆಗಲಿ ಎನ್ನುತ್ತಿದ್ದೆ. ಈ ಸಲ ಬೆಳಗಿನ ರೈಲು ಹತ್ತಿದ್ದಕ್ಕೆ ಅದೂ ಒಂದು ಕಾರಣ. ಸಂಜೆಯವರೆಗೆ ಹೊತ್ತಿತ್ತು.

ಮೈಸೂರು ಸ್ಟೇಷನ್ನಿನಿಂದ ನಗರ ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಆದರೆ ಬಸ್ಸಿನಲ್ಲಿ ಸುತ್ತಲು ಬಂದವನು ನಡೆಯುವುದೇಕೆ ಎಂದು ಹತ್ತಿದೆ. ಕಂಡಕ್ಟರ್ ಒಬ್ಬ ಹೆಣ್ಣುಮಗಳು. ನನ್ನ ಹತ್ತಿರ ಬಂದು ನಿಂತಳು. ಜೇಬಿನಿಂದ ದುಡ್ಡಿನ ಜೊತೆ ಎರಡು ಆಧಾರ್ ಕಾರ್ಡುಗಳನ್ನೂ ತೆಗೆದು ಹಿಡಿದೆ.

"ಒಂದು ಫ್ರೀ, ಒಂದು ಟಿಕೆಟ್. ಸಿಟಿ ಸ್ಟ್ಯಾಂಡು," ಎಂದೆ.

ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ನಾನು ಕಂಡಕ್ಟರ್ ಮುಂದೆ ಆಡುತ್ತಿದ್ದ ಮಾತು ಇದೊಂದೇ. ಜಯ ಮುಂದೆ ಹೋಗಿ ಹೆಂಗಸರ ಸೀಟು ಹಿಡಿಯುತ್ತಿದ್ದಳು. ಅವಳ ಕಾರ್ಡೂ ನನ್ನ ಜೇಬಿನಲ್ಲೇ ಇರುತ್ತಿತ್ತು. ಬಾಯಿ ತಾನಾಗಿ ಆಡಿತು, ಕೈ ತಾನಾಗಿ ತೆಗೆಯಿತು. ಮಿಷನ್ನು ಕಿರ್ ಎಂದು ಎರಡು ಚೀಟಿ ಬಿಟ್ಟಿತು.

ಕಂಡಕ್ಟರ್ ಜಯಳ ಕಾರ್ಡು ನೋಡಿ ಮುಂದಿನ ಸೀಟುಗಳ ಕಡೆ ಕಣ್ಣು ಹಾಯಿಸಿದಳು. "ಇವ್ರೆಲ್ಲಿ ಸಾರ್, ಕಾಣ್ತಿಲ್ವಲ್ಲ?"

"ಇಲ್ಲಮ್ಮ."

"ಇಲ್ಲ ಅಂದ್ರೆ? ಇಳ್ದೋದ್ರಾ?"

"ಹೂಂ. ಇಳಿದಳು," ಎಂದೆ.

"ಅಯ್ಯೋ, ಟಿಕೆಟ್ ಹೊಡ್ದ್ಬುಟ್ನಲ್ಲ ಸಾರ್! ಚೆಕಿಂಗ್ನೋರು ಬಂದು ಈ ಲೇಡೀಸ್ ಎಲ್ಲಿ ಅಂದ್ರೆ ನಾನ್ ಯಾರನ್ನ ತೋರ್ಸ್ಲಿ?"

ನನ್ನ ಪಕ್ಕ ಹೂವಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಮುದುಕಿ ಕೈ ಚಾಚಿದಳು. "ನನ್ನೇ ತೋರ್ಸವ್ವ. ಇತ್ತಗ್ ಕೊಡು ಅದ್ನ. ನಾನೂ ಸಿಟಿ ಸ್ಟ್ಯಾಂಡಿಗೇ ಓಗೋದು, ಇನ್ನೂ ಟಿಕೆಟ್ ತಗಂಡಿಲ್ಲ."

"ಕಾರ್ಡ್ ತೋರ್ಸಜ್ಜಿ."

"ದಿನಾ ನೋಡ್ತೀಯ ಕಣೆ. ನನ್ ಮೂತಿ ಮರ್ತೋಯ್ತಾ?"

ಸುತ್ತಲಿದ್ದವರು ನಕ್ಕರು. ಕಂಡಕ್ಟರೂ ನಕ್ಕು ಚೀಟಿ ಕೊಟ್ಟು ಮುಂದೆ ಹೋದಳು. ಅಜ್ಜಿ ನನ್ನ ಭುಜ ತಟ್ಟಿದಳು. "ಒಳಕ್ಕೆ ಸರ್ಕಳಣ್ಣ. ಕಿಟಕಿ ಸೀಟು ಯಾರಿಗ್ ಮಡಗಿದ್ದೀಯ?" ಆಗ ನೋಡಿಕೊಂಡೆ. ಹತ್ತಿದಾಗಿನಿಂದ ಕಿಟಕಿ ಪಕ್ಕ ಜಾಗ ಬಿಟ್ಟು, ಸೀಟಿನ ಹೊರ ಅಂಚಿನಲ್ಲಿ ಕೂತಿದ್ದೆ. ಇಬ್ಬರಿಗೂ ಗಂಡಸರ ಸೀಟೇ ಸಿಕ್ಕಿದಾಗ ಜಯ ಒಳಗೆ, ನಾನು ಹೊರಗೆ ಕೂರುತ್ತಿದ್ದೆವು. ಸರಿದು ಕೂತೆ.

ಕೂತ ಮೇಲೆ ಅವಳು ದನಿ ತಗ್ಗಿಸಿ, "ಯಾವಾಗಣ್ಣ?" ಎಂದಳು.

"ಆಷಾಢದಲ್ಲಿ."

"ನಮ್ಮನೆಯೋರು ಓಗಿ ಬೋ ವರ್ಸಾಯ್ತು. ನಾನ್ ಇವತ್ತಿಗೂ ಮುದ್ದೆ ಎಲ್ಡೇ ಕಟ್ಟೋದು. ಕಟ್ಟುದ್ ಮ್ಯಾಕೆ ಬಿಸಾಕೋಕಾಯ್ತದಾ? ಎಲ್ಡೂ ನಾನೇ ತಿಂದ್ಬುಡ್ತೀನಿ. ಅದ್ಕೇ ನೋಡು, ಇಂಗೆ ಊದ್ಕಂಡಿರೋದು." ತನ್ನ ಸೊಂಟಕ್ಕೆ ತಾನೇ ಹೊಡೆದುಕೊಂಡು ನಕ್ಕಳು. ನನಗೂ ನಗು ಬಂತು. ನಾನು ಊರೆಲ್ಲ ಸುತ್ತಲು ಬಂದವನೆಂದು ತಿಳಿದಾಗ, "ಅಂಗಾರೆ ಒಂದ್ ಪಾಸ್ ತಗಂಡ್ಬುಡು. ತೋರ್ಸ್ತಾ ಓಗು. ಬಾಯೇ ಬುಡ್ಬೇಕಾಗಿಲ್ಲ," ಎಂದಳು. ಇಳಿಯುವಾಗ ಒಂದು ಮೊಳ ಮಲ್ಲಿಗೆ ಕಿತ್ತು ಕೊಡಲು ಕೈ ಮಾಡಿದವಳು, ಏನೋ ನೆನಪಾದಂತೆ ಹಾಗೇ ಬುಟ್ಟಿಗೆ ಹಾಕಿಕೊಂಡು ಹೋದಳು.

ಬಾಯಿ ಬಿಡಬೇಕಾಗಿಲ್ಲ ಎಂಬ ಮಾತು ನನಗೆ ಹಿಡಿಸಿತು. ಬಿಡಿ ಟಿಕೆಟ್ ಆದರೆ ಪ್ರತಿ ಬಸ್ಸಿನಲ್ಲೂ "ಒಂದು" ಎನ್ನಬೇಕು. ನಗರ ನಿಲ್ದಾಣದಲ್ಲಿ ಪಾಸಿನ ಕಿಟಕಿ ಹುಡುಕಿದೆ. ಮೇಲೆ "ಮಾಸಿಕ ಪಾಸ್" ಎಂದು ಬರೆದಿತ್ತು. ಆ ಪದ ಓದಿ ಒಂದು ಗಳಿಗೆ ನಿಂತೆ. ನಮ್ಮ ಬೀದಿಯ ಪುರೋಹಿತರ ಮನೆಯಲ್ಲಿ ಮಾಸಿಕ ಎಂದರೆ ಸತ್ತವರಿಗೆ ತಿಂಗಳು ತಿಂಗಳು ಇಡುವ ಎಡೆ.

"ಎಷ್ಟ್ ದಿವ್ಸ ಇರ್ತೀರಿ ಸಾರ್?" ಎಂದರು ಒಳಗಿದ್ದವರು.

"ಸಂಜೆವರೆಗೆ."

"ಸಂಜೆವರ್ಗೆ ಇರೋರಿಗೆ ತಿಂಗಳ ಪಾಸ್ ಯಾಕ್ ಸಾರ್? ಅದಕ್ಕೆ ಫೋಟೋ ಬೇಕು, ಗುರುತಿನ ಕಾರ್ಡ್ ಮಾಡಿಸ್ಬೇಕು. ದಿನದ್ ಪಾಸು ಬಸ್ಸಲ್ಲೇ ಕೊಡ್ತಾರೆ, ಹೋಗಿ."

ಓದುವವರಿಗೆ ಅನುಕೂಲವಾಗಲೆಂದು ಹೇಳುತ್ತೇನೆ. ದಿನಕ್ಕೆ ಎರಡು ಸಲ ಮಾತ್ರ ಬಸ್ಸು ಹತ್ತುವವರಿಗೆ ಬಿಡಿ ಟಿಕೆಟ್ಟೇ ಸಾಕು. ನಾಲ್ಕೈದು ಕಡೆ ಹತ್ತಿ ಇಳಿಯುವ ಗಂಡಸರಿಗೆ ದಿನದ ಪಾಸು ಲಾಭ. ಅಂದು ರಾತ್ರಿಗೆ ಅದರ ಆಯಸ್ಸು ಮುಗಿಯುತ್ತದೆ. ತಿಂಗಳ ಪಾಸು ಊರಲ್ಲೇ ಇದ್ದು ದಿನವೂ ಓಡಾಡುವವರಿಗೆ. ನಮ್ಮ ರಾಜ್ಯದ ಹೆಂಗಸರಿಗೆ ಯಾವ ಪಾಸೂ ಬೇಡ. ಆದರೆ ಏಸಿ ಬಸ್ಸಿನಲ್ಲಿ ಅವರಿಗೂ ಉಚಿತವಿಲ್ಲ. ಗೋಕುಲಂ ಬಸ್ಸಿನ ಕಂಡಕ್ಟರ್ ನನ್ನನ್ನು, "ಏಸಿದು ಕೊಡ್ಲಾ, ಸಾಮಾನ್ಯದ್ದು ಕೊಡ್ಲಾ?" ಎಂದು ಕೇಳಿದಾಗ ಸಾಮಾನ್ಯದ್ದೇ ಕೊಡಿ ಎಂದೆ. ಏಸಿಯಲ್ಲಿ ಅವಳಿಗೆ ಫ್ರೀ ಇಲ್ಲವಲ್ಲ ಎಂದು ಲೆಕ್ಕ ಹಾಕಿಯೇ ಹಾಗೆ ಹೇಳಿದ್ದು ಎಂಬುದು ಪಾಸು ಕೈಗೆ ಬಂದ ಮೇಲೆ ಅರಿವಾಯಿತು.

ಗೋಕುಲಂ ಜಯ ನೋಡಬೇಕೆಂದಿದ್ದ ಜಾಗ. ಪರದೇಶದವರು ಬಂದು ತಲೆ ಕೆಳಗೆ ಮಾಡಿ ನಿಲ್ಲುವುದನ್ನು ಕಲಿಯುತ್ತಾರೆಂದು ಸುಶೀಲ ಹೇಳಿದ್ದಳು. ತಲೆ ಕೆಳಗಾಗಿ ನಿಂತವರು ಯಾರೂ ಕಾಣಲಿಲ್ಲ. ನೆರಳು ಬೀಳುವ ಮರಗಳು, ಎಳನೀರಿನ ಗಾಡಿ, ಚಾಪೆ ಸುರುಳಿ ಬಗಲಲ್ಲಿಟ್ಟುಕೊಂಡು ಎಳನೀರು ಕುಡಿಯುವ ಬಿಳಿಯ ಜನ. ವಾಪಸು ಬರುವ ಬಸ್ಸಿಗೆ ಹಾಗೆ ಚಾಪೆ ಹಿಡಿದ ಒಬ್ಬ ಹೆಂಗಸು ಹತ್ತಿ, "ಅಕ್ಕಾ, ಮಾರ್ಕೆಟ್ ಒಂದು ಕೊಡಿ," ಎಂದು ಅಚ್ಚ ಕನ್ನಡದಲ್ಲಿ ಕೇಳಿದಳು. ಹಿಂದಿನ ಸೀಟಿನ ಒಬ್ಬರು, "ಇಷ್ಟ್ ಚೆನ್ನಾಗ್ ಕನ್ನಡ ಮಾತಾಡ್ತಾರೆ, ಫ್ರೀ ಕೊಟ್ಬುಡಿ ಮೇಡಂ," ಎಂದರು. ಕಂಡಕ್ಟರ್, "ಟಿಕೆಟ್ ನೀವ್ ಕೊಡ್ಸಿ, ಅವ್ರಿಗೂ ನಿಮಗೂ ಇಬ್ರಿಗೂ ನಾನೇ ಟೀ ಕೊಡಿಸ್ತೀನಿ," ಎಂದಳು. ಇಂಥದ್ದನ್ನೆಲ್ಲ ಜಯ ಮನೆಗೆ ಬಂದು ಅಭಿನಯ ಮಾಡಿ ತೋರಿಸುತ್ತಿದ್ದಳು.

ಮಾರುಕಟ್ಟೆಯ ಹತ್ತಿರ ಅನ್ನ, ಬಸ್ಸಾರು, ಹಪ್ಪಳದ ಊಟ ಮಾಡಿ ಚಾಮುಂಡಿ ಬೆಟ್ಟದ ಬಸ್ಸು ಹಿಡಿದೆ. ತಿರುವುಗಳಲ್ಲಿ ಊರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣಿಸುತ್ತಿತ್ತು. ಮೇಲೆ ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ದೇವಿಯ ದರ್ಶನ ಮಾಡಿ, ಕಟ್ಟೆಯ ಮೇಲೆ ಕೂತು ಕೆಳಗೆ ನೋಡಿದೆ. ಕೆರೆ, ಅರಮನೆ, ಕುದುರೆ ಓಡಿಸುವ ಮೈದಾನ. ಅವುಗಳ ನಡುವೆ ಇರುವೆಯಂತೆ ಹರಿಯುವ ಬಸ್ಸುಗಳು. ಸುಶೀಲಳ ಮನೆ ಯಾವ ಕಡೆ ಎಂದು ಹುಡುಕಿದೆ. ಸಿಗಲಿಲ್ಲ.

ಇಳಿಯುವಾಗ ಒಂದು ವಿಷಯ ಗಮನಕ್ಕೆ ಬಂತು. ಪಾಸು ತೆಗೆದುಕೊಂಡ ಮೇಲೆ ನಾನು ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡಿರಲಿಲ್ಲ. ಕಂಡಕ್ಟರುಗಳು ಬರುತ್ತಿದ್ದರು, ನಾನು ಚೀಟಿ ಎತ್ತಿ ಹಿಡಿಯುತ್ತಿದ್ದೆ, ಅವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಬೆಳಿಗ್ಗೆ ಹಾಯೆನಿಸಿದ್ದು ಮಧ್ಯಾಹ್ನಕ್ಕೆ ಹಾಗೆ ಅನ್ನಿಸಲಿಲ್ಲ. ನನ್ನ ಮುಂದಿನ ದಿನಗಳೆಲ್ಲ ಇನ್ನು ಹೀಗೇ ಇರುತ್ತವೆಯೇನೋ ಎಂದುಕೊಂಡೆ.

ವಿದ್ಯಾರಣ್ಯಪುರಂನಲ್ಲಿ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ಬರುತ್ತೇನೆಂದು ಮೊದಲೇ ಫೋನ್ ಮಾಡಿದ್ದೆ. ಸುಶೀಲ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. ನನ್ನ ಹಿಂದೆಯೂ ಒಮ್ಮೆ ನೋಡಿದಳು. ಆಮೇಲೆ, "ಬನ್ನಿ ಭಾವ. ಕಾಲು ತೊಳ್ಕೊಳ್ಳಿ," ಎಂದು ಒಳಗೆ ಹೋದಳು. ಅವಳ ಗಂಡ, ನನ್ನ ಷಡ್ಡಕ ಮಹದೇವ, ಕುರ್ಚಿ ಎಳೆದು ಹಾಕಿದ. ಅವಳು ತಿರುಗಿ ಬರುವಾಗ ಮುಖ ತೊಳೆದುಕೊಂಡಿದ್ದಳು.

"ಎಲ್ಲೆಲ್ಲಿ ಹೋಗಿದ್ರಿ? ರೈಲು ಬಂದು ಎಷ್ಟು ಹೊತ್ತಾಯ್ತು?"

ಹೇಳಿದೆ. ಗೋಕುಲಂ ಮಾತು ಬಂದಾಗ ಅವಳು, "ಅಕ್ಕನ್ನ ಒಂದಿನಾನೂ ಕರ್ಕೊಂಡೋಗ್ಲಿಲ್ಲ ನಾನು," ಎಂದು ಕಣ್ಣಿಗೆ ಸೆರಗು ಹಿಡಿದಳು. ಕಾಫಿ ಮುಗಿಸಿ ರವಿಕೆಯ ಗಂಟು ಬಿಚ್ಚಿ ಅವಳ ಕೈಗಿಟ್ಟೆ. ಹುಕ್ಕು ಹಾಕಿದ್ದು ಯಾರೆಂದು ಹೇಳಬೇಕಾಗಲಿಲ್ಲ. ಅವಳು ಒಂದೊಂದೇ ಹುಕ್ಕನ್ನು ಹೆಬ್ಬೆರಳಿನಿಂದ ಸವರಿದಳು.

"ನಾನಿನ್ನು ಹೊರಡ್ತೀನಿ ಸುಶೀಲಾ. ಸಂಜೆ ರೈಲಿದೆ. ಇದೊಂದು ನಿನಗೆ ಮುಟ್ಟಿಸೋದಿತ್ತು. ಮುಟ್ಟಿಸ್ದೆ. ಇನ್ನೇನಿದೆ?"

ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ಆಮೇಲೆ ರವಿಕೆಯನ್ನು ಎತ್ತಿ ತೋಳಿನ ಮೇಲೆ ಹಿಡಿದು, "ಇದು ಆಗಲ್ಲ ಭಾವ. ತೋಳು ಬಿಗಿ," ಎಂದಳು.

"ಹಾಕಿ ನೋಡದೇ ಹೇಗೆ ಹೇಳ್ತೀಯಮ್ಮ?"

"ನನ್ ತೋಳು ನಂಗೊತ್ತಿಲ್ವಾ? ತಗೊಂಡೋಗಿ ಸರಿ ಮಾಡ್ಕೊಂಡು ಬನ್ನಿ. ಮುಂದಿನ ತಿಂಗಳು."

"ಹೊಲಿಗೆಯೊಳಗೆ ಹೆಚ್ಚಿನ ಬಟ್ಟೆ ಬಿಟ್ಟಿದ್ದೀನಿ. ಇಲ್ಲೇ ಬಿಚ್ಚಿಕೊಟ್ಟರೆ..."

"ನಮ್ಮನೇಲಿ ಮಿಷನ್ ಎಲ್ಲಿದೆ? ಅದೂ ಅಲ್ದೆ ಇವತ್ತು ನೀವು ಎಲ್ಲಿಗೂ ಹೋಗ್ತಿಲ್ಲ. ಅವರೆಕಾಳು ಬಿಡಿಸಿಟ್ಟಿದ್ದೀನಿ." ಗಂಡನ ಕಡೆ ತಿರುಗಿದಳು. "ಹೇಳ್ರೀ ಭಾವನಿಗೆ. ಬಸ್ಸಿಗೆ ತಿಂಗಳ ಪಾಸು ಮಾಡಿಸ್ಕೊಳ್ಳೋಕೆ ಹೇಳಿ. ತಿಂಗಳು ತಿಂಗಳು ಬರೋರಿಗೆ ಅಂತ ಕೊಡ್ತಾರಲ್ಲ."

ಮಹದೇವ ಕಾಫಿ ಲೋಟ ಇಟ್ಟು ನಗತೊಡಗಿದ. "ಅಯ್ಯೋ, ಅದಂಗಲ್ಲ ಕಣೇ. ತಿಂಗಳ ಪಾಸು ಅಂದ್ರೆ ತಿಂಗಳು ಪೂರ್ತಿ ಓಡಾಡೋರಿಗೆ. ಫ್ರೀ ಬಸ್ಸಲ್ಲಿ ಓಡಾಡಿ ಓಡಾಡಿ ನಿಮ್ ಹೆಂಗಸ್ರಿಗೆ ಪಾಸು ಅಂದ್ರೇನು ಅಂತಾನೇ ಮರ್ತೋಗದೆ."

"ನೀವ್ ಸುಮ್ನಿರಿ. ತಿಂಗಳ ಪಾಸು ಅಂದ್ಮೇಲೆ ತಿಂಗಳಿಗೊಂದ್ಸಲ ಬರೋದು. ಅಲ್ವಾ ಭಾವ?"

ನಾನು ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಅಳತೆ ತೆಗೆದವನು. ಸುಶೀಲಳ ತೋಳಿನ ಅಳತೆ ನನ್ನ ಕೈಗೆ ಗೊತ್ತು. ರವಿಕೆ ಸರಿಯಾಗಿತ್ತು. "ಹೌದಮ್ಮ, ತೋಳು ಸ್ವಲ್ಪ ಬಿಗಿ ಇದೆ," ಎಂದೆ. ಪಾಸಿನ ವಿಷಯದಲ್ಲೂ ಅವಳು ಹೇಳಿದ್ದೇ ಸರಿ ಎಂದೆ. ಮಹದೇವ ನನ್ನ ಮುಖ ನೋಡಿ ನಗು ನಿಲ್ಲಿಸಿದ. ಅಂದು ಅವರೆಕಾಳಿನ ಸಾರಿಗೆ ಎರಡು ಮುದ್ದೆ ತಿಂದೆ.

ಮರುದಿನ ಬೆಳಿಗ್ಗೆ ಹೊರಟೆ. ಮಹದೇವ ಸ್ಕೂಟರಿನಲ್ಲಿ ಬಿಡುತ್ತೇನೆಂದ. "ಬೇಡ, ನಾನೇ ಬಸ್ಸಲ್ಲಿ ಹೋಗಿ ಹತ್ತಿಸಿ ಬರ್ತೀನಿ, ನಂಗೇನು ಖರ್ಚಾ?" ಎಂದು ಸುಶೀಲ ಚಪ್ಪಲಿ ಮೆಟ್ಟಿದಳು. ಬಸ್ಸು ಕೆಲಸಕ್ಕೆ ಹೋಗುವವರಿಂದ ತುಂಬಿತ್ತು. ಅವಳು ನುಗ್ಗಿಕೊಂಡು ಮುಂದೆ ಹೋದಳು. ನಾನು ಹಿಂದೆ ಕಂಬಿ ಹಿಡಿದು ನಿಂತೆ. ಕಂಡಕ್ಟರ್ ಬಂದ. ನಿನ್ನೆಯ ಪಾಸು ಜೇಬಿನಲ್ಲೇ ಇತ್ತು, ಆದರೆ ಅದರ ಆಯಸ್ಸು ಮುಗಿದಿತ್ತು. ಬಾಯಿ ಬಿಡಲೇಬೇಕಾಯಿತು. ಸುಶೀಲ ಹತ್ತುವ ಗಡಿಬಿಡಿಯಲ್ಲಿ ತನ್ನ ಕಾರ್ಡನ್ನು ನನ್ನ ಕೈಗೇ ಕೊಟ್ಟು ಹೋಗಿದ್ದಳು.

"ಒಂದು ಫ್ರೀ, ಒಂದು ಟಿಕೆಟ್," ಎಂದೆ. "ರೈಲ್ವೆ ಸ್ಟೇಷನ್ನು."

ಆತ ಮಿಷನ್ನಿನ ಮೇಲೆ ಬೆರಳಿಟ್ಟು ನಿಲ್ಲಿಸಿದ. "ಲೇಡೀಸ್ ಎಲ್ಲಿ ಸಾರ್?"

ನಾನು ಉತ್ತರ ಕೊಡುವ ಮೊದಲೇ ಮುಂದಿನಿಂದ, ತಲೆಗಳ ಮೇಲೆ, ಬಳೆ ತೊಟ್ಟ ಒಂದು ಕೈ ಮೇಲೆದ್ದಿತು.

"ಇಲ್ಲಿದ್ದೀನಿ ಕಣಪ್ಪ! ಅವ್ರ್ ಜೊತೇನೇ!"

ದನಿ ಜಯಳದೇ. ಅಕ್ಕತಂಗಿಯರ ದನಿ ಒಂದೇ ಥರ ಎಂದು ಎಲ್ಲರೂ ಹೇಳುತ್ತಿದ್ದರು; ನಾನು ಅಂದೇ ಅದನ್ನು ಸರಿಯಾಗಿ ಕೇಳಿದ್ದು. ಮಿಷನ್ನು ಎರಡು ಚೀಟಿ ಬಿಟ್ಟಿತು.

ರೈಲು ಹೊರಟಾಗ ಅವಳು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದು, "ತೋಳು ಭಾವ, ಮರೀಬೇಡಿ!" ಎಂದು ಕೂಗಿದಳು. ಪ್ಲಾಟ್‌ಫಾರಂ ಮುಗಿಯುವವರೆಗೂ ಅಲ್ಲೇ ನಿಂತಿದ್ದಳು. ರವಿಕೆ ಈಗ ಮತ್ತೆ ನನ್ನ ಕಪಾಟಿನಲ್ಲಿದೆ. ಅದರ ಒಂದು ಹೊಲಿಗೆಯನ್ನೂ ನಾನು ಬಿಚ್ಚಿಲ್ಲ. ಮುಂದಿನ ತಿಂಗಳು ಹಾಗೇ ತೆಗೆದುಕೊಂಡು ಹೋಗುತ್ತೇನೆ. ಆಗ ಅವಳು ಕತ್ತು ಆಳವೆನ್ನುತ್ತಾಳೋ, ಸೊಂಟ ಸಡಿಲವೆನ್ನುತ್ತಾಳೋ ನೋಡಬೇಕು.