ಅಡವಿಯಪ್ಪನ ನಲವತ್ಮೂರನೇ ಸಾವು

ಗುಬ್ಬಿಯ ಅಡವಿಯಪ್ಪ ಆವರೆಗೆ ನಲವತ್ತೆರಡು ಸಲ ಸತ್ತಿದ್ದ. ಹೈಸ್ಕೂಲಿನ ಅಟೆಂಡರ್ ಕೆಲಸದಿಂದ ರಿಟೈರ್ ಆದಮೇಲೆ ಸೀರಿಯಲ್ಲು, ಸಿನಿಮಾ ಅಂತ ಸಣ್ಣಪುಟ್ಟ ಪಾತ್ರಗಳಿಗೆ ಹೋಗತೊಡಗಿದ. ಒಂದು ಸಲ ಚೆನ್ನಾಗಿ ಸತ್ತದ್ದೇ ತಪ್ಪಾಯಿತು. ಆಮೇಲೆ ಯಾರೂ ಅವನಿಗೆ ಬದುಕಿರುವ ಪಾತ್ರ ಕೊಡಲಿಲ್ಲ.

ಅವನಿಗೂ ಅದರ ಬಗ್ಗೆ ಜಂಬವಿತ್ತು. ಎದೆ ಹಿಡಿದುಕೊಂಡು ಎರಡು ಪುಟ ಡೈಲಾಗ್ ಹೊಡೆದು ಕತ್ತು ವಾಲಿಸುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. “ಅಷ್ಟು ಉಸಿರಿರೋನು ಯಾಕ್ ಸಾಯ್ತಾನೆ? ಆಸ್ಪತ್ರೆಗೆ ನಡ್ಕೊಂಡೇ ಹೋಗ್ಬೋದಲ್ಲ!” ಎನ್ನುತ್ತಿದ್ದ. ಅವನು ಸಾಯುತ್ತಿದ್ದ ರೀತಿಯೇ ಬೇರೆ. ಕುಡಿಯಲು ನೀರು ಕೇಳುವನು. ಲೋಟ ಬರುವಷ್ಟರಲ್ಲಿ ಇಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವನು. ಮೂರನೆಯದಕ್ಕೆ ಕೈ ನಿಂತುಬಿಡುವುದು. “ಜನ ಅಳೋದು ಹೆಣ ನೋಡಿ ಅಲ್ಲ ಕಣ್ರಯ್ಯ, ಲೋಟ ಹಿಡ್ಕೊಂಡು ಬಂದೋಳ ಮುಖ ನೋಡಿ” ಎಂದು ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದ. ಆ ಮಾತು ಸುಳ್ಳಲ್ಲ.

ಹೆಂಡತಿ ಸಿದ್ದಗಂಗಮ್ಮ ಮಾತ್ರ ಅವನ ಒಂದು ಸಾವನ್ನೂ ನೋಡಿರಲಿಲ್ಲ. ಟೀವಿಯಲ್ಲಿ ಗಂಡನ ಮುಖ ಬಂದೊಡನೆ ಎದ್ದು ಅಡುಗೆಮನೆ ಸೇರುವಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನ ಹೆಸರು ಹಿಡಿದು ಕರೆದವಳಲ್ಲ. “ಏನೂಂದ್ರೆ” ಎಂದರೆ ಇವನು ಯಾವ ಮೂಲೆಯಲ್ಲಿದ್ದರೂ “ಓ” ಅನ್ನಬೇಕು. ಜಗಳವಾಡಿದ ದಿನವೂ ಅನ್ನುತ್ತಿದ್ದ.

ನಲವತ್ಮೂರನೆಯದು ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ನಡೆಯಿತು. ಊರ ಗೌಡರ ಪಾತ್ರ. ಡೈರೆಕ್ಟರು ಚಟ್ಟ ಕಟ್ಟಿಸಿ ಮಲಗಿಸಲು ಹೊರಟಾಗ ಅಡವಿಯಪ್ಪ ರೇಗಿದ. “ನಮ್ಮಲ್ಲಿ ಹೆಣ ಮಲಗಿಸಲ್ಲ ಸರ್, ಕೂರಿಸ್ತೀವಿ. ಮಣ್ಣಿಗೂ ಕೂತೇ ಹೋಗೋದು.” ತಾನೇ ಮುಂದೆ ನಿಂತು ಬಿದಿರು, ಬಾಳೆಕಂಬ, ಚೆಂಡುಹೂವು ತರಿಸಿ ಹೆಣ ಕೂರಿಸಿ ಹೊರುವ ವಿಮಾನ ಕಟ್ಟಿಸಿದ. ಹಣೆಗೆ, ತೋಳಿಗೆ ವಿಭೂತಿ ಬಳಿದು, ರುದ್ರಾಕ್ಷಿ ಹಾಕಿಸಿಕೊಂಡು ಅದರೊಳಗೆ ಚಕ್ಕಳಮಕ್ಕಳ ಹಾಕಿ ಕೂತ. ಗಲ್ಲಕ್ಕೊಂದು ಬಿಳಿ ಬಟ್ಟೆ ಕಟ್ಟುವುದನ್ನೂ ಮರೆಯಲಿಲ್ಲ. ಒಂದು ಕೊರತೆಯೂ ಉಳಿಯದ ಹಾಗೆ ಅವನೇ ನೋಡಿಕೊಂಡ.

ಸಿದ್ದಗಂಗಮ್ಮ ಆ ವಾರ ಕುಣಿಗಲ್ಲಿನ ತಂಗಿಯ ಮನೆಯಲ್ಲಿದ್ದಳು. ಅಲ್ಲಿಂದಲೇ ಶೂಟಿಂಗಿಗೆ ಹೊರಟಿದ್ದ ಗಂಡ ಬಿ.ಪಿ. ಮಾತ್ರೆಯನ್ನು ಮರೆತುಹೋಗಿದ್ದು ಕಂಡು, ಆಟೋ ಹಿಡಿದು ಬಂದಳು. ಶೂಟಿಂಗ್ ಎಂಬುದು ಗೊತ್ತಿತ್ತು. ಆದರೆ ಜನರ ನಡುವೆ ನುಗ್ಗಿ ಮುಂದೆ ಬಂದರೆ ಕಂಡದ್ದೇನು? ಅವಳ ಅಪ್ಪನನ್ನು ಕೂರಿಸಿದ್ದು ಹೀಗೆಯೇ, ಅಣ್ಣನನ್ನು ಕೂರಿಸಿದ್ದೂ ಹೀಗೆಯೇ.

“ಏನೂಂದ್ರೆ” ಎಂದಳು.

ಅಡವಿಯಪ್ಪನಿಗೆ ದನಿ ಗೊತ್ತಾಯಿತು. “ಓ” ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಡೈರೆಕ್ಟರು ಪಿಸುದನಿಯಲ್ಲಿ, “ಆ ಅಮ್ಮನ ಮೇಲೆ ಕ್ಯಾಮೆರಾ ಇಡು, ಕಟ್ ಮಾಡ್ಬೇಡ” ಎಂದದ್ದು ಕೇಳಿಸಿತು. ಲೋಟ ಹಿಡಿದು ಬಂದವಳ ಮುಖ! ಇಂಥ ಶಾಟ್ ಜನ್ಮಕ್ಕೊಂದು. ಅವನು ಉಸಿರು ಬಿಗಿಹಿಡಿದ.

“ಏನೂಂದ್ರೆ...” ದನಿ ಹತ್ತಿರವಾಯಿತು. ಮೂರನೆಯ ಸಲ ಕೂಗಿದಾಗ ಅವಳ ಉಸಿರು ಮುಖಕ್ಕೆ ತಾಗಿತು. ಅವನು ರೆಪ್ಪೆ ಅಲುಗಿಸಲಿಲ್ಲ. ಪಾಪಿ, ಅಲುಗಿಸಲಿಲ್ಲ.

ಸತ್ತವರು ಶಾಟ್ ಮುಗಿದೊಡನೆ ಕ್ಯಾಮೆರಾ ನೋಡಿ ನಗಬೇಕು, ಅದು ಸಿನಿಮಾದವರ ಶಾಸ್ತ್ರ. ಅಡವಿಯಪ್ಪ ಕಣ್ಣು ಬಿಟ್ಟು ನಕ್ಕ. ಅಷ್ಟರಲ್ಲಿ ಸಿದ್ದಗಂಗಮ್ಮ ಬೆನ್ನು ತಿರುಗಿಸಿ ಇಳಿಜಾರಿನಲ್ಲಿ ಅರ್ಧ ದಾರಿ ಹೋಗಿದ್ದಳು. ಮಾತ್ರೆಯ ಶೀಟು ಅವನ ಕಾಲ ಬಳಿ ಹೂವಿನ ಮೇಲಿತ್ತು.

ಗುಬ್ಬಿಗೆ ಬಂದಮೇಲೆ ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಹಾಲಿನವನ ಹತ್ತಿರ ಮಾತು, ಪಕ್ಕದ ಮನೆಯ ಟೀಚರ್ ಪಲ್ಲವಿಯ ಹತ್ತಿರ ಮಾತು, ಎಲ್ಲ ಮೊದಲಿನಂತೆಯೇ. ಇವನು ಎದುರಿಗೆ ನಿಂತರೆ ಮಾತ್ರ ಅವಳ ಕಣ್ಣು ಹಿಂದಿನ ಗೋಡೆಯನ್ನು ನೋಡುತ್ತಿತ್ತು. ಮುಡಿಗೆ ಹೂವಿಲ್ಲ. ರಾತ್ರಿ ತನಗೊಬ್ಬಳಿಗೇ ಹಾಸಿಗೆ ಹಾಸುವಳು. “ಏನೇ ಇದು ಹುಚ್ಚಾಟ?” ಎಂದು ಕೂಗಿದರೂ ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸುತ್ತಿರಲಿಲ್ಲ.

ಹನ್ನೊಂದನೇ ದಿನ ಬೆಳಗಿನಿಂದ ಮನೆ ತುಂಬ ಒಬ್ಬಟ್ಟಿನ ವಾಸನೆ. ಅಡವಿಯಪ್ಪ ನಡುಮನೆಯ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ. ಸಿದ್ದಗಂಗಮ್ಮ ಬಂದು ಅವನ ಮುಂದೆ ಬಾಳೆಲೆ ಹಾಸಿ, ಒಬ್ಬಟ್ಟು, ಕೋಸಂಬರಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಸದ್ಯ, ಕೋಪ ಇಳಿಯಿತು ಎಂದುಕೊಂಡ. ಅವಳು ದೀಪ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಕೈಮುಗಿದು, ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಸತ್ತವರು ಬಂದು ಎಡೆ ಮುಟ್ಟಲಿ ಎಂದು ಹಾಗೆ ಬಾಗಿಲು ಹಾಕುತ್ತಾರೆ.

ಅಡವಿಯಪ್ಪ ಕೈಲಿದ್ದ ಪೇಪರನ್ನು ಮಡಿಸಿ ಕೆಳಗಿಟ್ಟ. ಎದ್ದು ಬಾಗಿಲು ತೆರೆಯಬಹುದಿತ್ತು, ಆದರೆ ಏಳಲು ಧೈರ್ಯ ಬರಲಿಲ್ಲ. ಉಣ್ಣದಿದ್ದರೆ ಅವಳು ನೊಂದುಕೊಂಡಾಳು ಎನ್ನಿಸಿತು. ಒಬ್ಬಟ್ಟಿನ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಹೊರಗೆ ಕೆಮ್ಮಿದ ಸದ್ದಾಗಿ ಬಾಗಿಲು ತೆರೆಯಿತು. ಎಲೆ ನೋಡಿದ ಸಿದ್ದಗಂಗಮ್ಮನ ಮುಖ ಎಷ್ಟೋ ದಿನದ ಮೇಲೆ ಅರಳಿತು.

“ನೋಡಮ್ಮ ಪಲ್ಲವಿ, ನಮ್ಮ ಅಡವಿಯಪ್ಪನವರು ಮುಟ್ಟವ್ರೆ” ಎಂದಳು.

ಬಾಗಿಲಲ್ಲಿದ್ದ ಪಲ್ಲವಿ ಹೌಹಾರಿದಳು. “ಅಯ್ಯೋ, ಅಂಕಲ್ ಇಲ್ಲೇ ಕೂತಿದಾರಲ್ಲ ಆಂಟಿ! ನಿಮಗೇನಾಯ್ತು?”

“ಇದ್ದಿದ್ರೆ ಓಗೊಡ್ತಿದ್ರು ಕಣಮ್ಮ. ಮೂರ್ ಸಲಿ ಕೂಗ್ದೆ. ಬದುಕಿರೋರು ನಾನು ಕೂಗಿದ್ರೆ ಓ ಅಂತಾರೆ.”

ತನ್ನ ಹೆಸರನ್ನು ಹೆಂಡತಿಯ ಬಾಯಲ್ಲಿ ಅಡವಿಯಪ್ಪ ಕೇಳಿದ್ದು ಅದೇ ಮೊದಲು. ಆವತ್ತಿನಿಂದ ಅವನು ಸಾಯುವ ಪಾತ್ರ ಒಪ್ಪಲಿಲ್ಲ. ದಿನಕ್ಕೆ ಹತ್ತು ಸಲ ಅವಳ ಬೆನ್ನ ಹಿಂದೆ ನಿಂತು ಸುಮ್ಮಸುಮ್ಮನೆ “ಓ, ಓ” ಎಂದು ನೋಡಿದ. ಕರೆಯದೆ ಓಗೊಟ್ಟರೆ ಯಾರು ತಿರುಗುತ್ತಾರೆ? ತಾನು ನಿಜಕ್ಕೂ ಆ ವಿಮಾನದಿಂದ ಇಳಿದು ಬಂದೆನೇ ಎಂಬ ಅನುಮಾನ ಒಂದೊಂದು ಮಧ್ಯಾಹ್ನ ಅವನಿಗೇ ಬರತೊಡಗಿತು. ಆಗ ಮಣಿಕಟ್ಟು ಹಿಡಿದು ನಾಡಿ ನೋಡಿಕೊಳ್ಳುವನು.

ನಾಲ್ಕು ತಿಂಗಳಿಗೆ ತುಮಕೂರಿನಲ್ಲಿ ಸಿನಿಮಾ ಬಿಡುಗಡೆಯಾಯಿತು. “ಅವ್ರದ್ದು ಕೊನೇದು, ನೋಡ್ಬೇಕು” ಎಂದು ಸಿದ್ದಗಂಗಮ್ಮನೇ ಹೊರಟಳು. ಪಲ್ಲವಿ ಇಬ್ಬರನ್ನೂ ಕರೆದುಕೊಂಡು ಹೋಗಿ, ಹನ್ನೊಂದರ ಆಟಕ್ಕೆ ಅಕ್ಕಪಕ್ಕ ಕೂರಿಸಿದಳು.

ಪರದೆಯ ಮೇಲೆ ವಿಮಾನ ಬಂತು. ಅದರೊಳಗಿನ ಮುಖ ನೋಡಿ ಅಡವಿಯಪ್ಪನಿಗೇ ಭಯವಾಯಿತು. ಅವನು ಬದುಕಿದ್ದಾನೆ ಎನ್ನಲು ಅಲ್ಲೊಂದು ಗುರುತೂ ಇರಲಿಲ್ಲ. ಆಮೇಲೆ ಸಿದ್ದಗಂಗಮ್ಮನ ಮುಖ ಪರದೆ ತುಂಬಿತು.

“ಏನೂಂದ್ರೆ.”

ಥಿಯೇಟರಿನಲ್ಲಿ ಪಾಪ್‌ಕಾರ್ನ್ ಅಗಿಯುವ ಸದ್ದೂ ನಿಂತಿತು. ಎರಡನೆಯ ಕೂಗಿಗೆ ಯಾರೋ ಬಿಕ್ಕಿದರು. ಮೂರನೆಯದು ಬಂತು.

“ಓ! ಇದೀನಿ ಕಣೇ, ಇಲ್ಲೇ ಇದೀನಿ!” ಅಡವಿಯಪ್ಪ ಕತ್ತಲಲ್ಲಿ ಎದ್ದು ನಿಂತು ಕೂಗಿದ.

ಮುಂದಿನ ಸಾಲಿನವರು ತಿರುಗಿ, ಪರದೆಯ ಹೆಣವನ್ನೂ ಹಿಂದೆ ನಿಂತ ಮನುಷ್ಯನನ್ನೂ ನೋಡಿ ಕಿರುಚಿಕೊಂಡರು. ಸಿದ್ದಗಂಗಮ್ಮ ನಿಧಾನವಾಗಿ ಕತ್ತು ಹೊರಳಿಸಿದಳು. ಅವಳ ಕಣ್ಣು ಗೋಡೆಗೆ ಹೋಗಲಿಲ್ಲ, ಅವನ ಮುಖದ ಮೇಲೆ ನಿಂತಿತು. ಅವನ ತೋಳು ಹಿಡಿದು ಜಗ್ಗಿ ಕೂರಿಸಿದಳು.

“ಒಂದು ಓ ಅನ್ನಕ್ಕೆ ಇಷ್ಟು ದಿನ ಬೇಕಾಯ್ತಾ ನಿಮಗೆ?” ಎಂದಳು.